ಕಡಲಿಲ್ಲದ ಊರಿನ ಅಳತೆಗೋಲು

ಜಲಜಳ ಎದುರು ಚಿಟ್ಟೆಯ ಮಾತು ಎತ್ತುವಂತಿರಲಿಲ್ಲ. ಕುಂದಾಪುರದ ಸಂತೆಯಲ್ಲಿ ಬಟ್ಟೆಯ ವ್ಯಾಪಾರಿಯೊಬ್ಬ ರವಿಕೆಯ ಬಟ್ಟೆ ಬಿಚ್ಚಿ, "ಕಾಣಿ ಅಕ್ಕ, ಎಂತ ಚಂದದ ಚಿಟ್ಟಿ" ಎಂದದ್ದಕ್ಕೆ, ಅಲ್ಲಿಯೇ ನಿಂತು ಅವನ ಗ್ರಹಚಾರ ಬಿಡಿಸಿದ್ದಳು. ಪಾಪ, ಅವನಿಗೆ ಏನು ತಪ್ಪು ಮಾಡಿದೆನೆಂದೇ ಗೊತ್ತಾಗಲಿಲ್ಲ. ಪೇಟೆಯವರು ನಕ್ಕರು. ಕೋಡಿಯವರು ಮಾತ್ರ ನಗಲಿಲ್ಲ, ಏಕೆಂದರೆ ಅವರಿಗೆ ಅವಳ ತಂಗಿ ಬಾಗಿಯ ಕಥೆ ಗೊತ್ತಿತ್ತು.

ಜಲಜ ಕೋಡಿಯ ಮೀನುಗಾರರ ಮನೆಯವಳು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಕೋಟೇಶ್ವರದ ಕೇರಿಗಳನ್ನು ಸುತ್ತುವುದು ಅವಳ ಕಸುಬು. ಅವಳ ಕೂಗು ಕೇಳಿದರೆ ಮೂರು ಮನೆಯಾಚೆಗಿನ ಬೆಕ್ಕು ಎದ್ದು ಕೂರುತ್ತಿತ್ತು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ಅಳಿವೆಯ ತೆರೆಗೆ ಸಿಕ್ಕಿ ಹೋದ, ಮಕ್ಕಳಾಗಿರಲಿಲ್ಲ. ಅವರಲ್ಲಿ ಹೆಣ್ಣುಮಕ್ಕಳು ತಾಯಿಯ ಮನೆಯಲ್ಲಿಯೇ ಉಳಿಯುವವರು. ಹಾಗಾಗಿ ಅಣ್ಣ ಸುಬ್ಬ ಮನೆಯ ಯಜಮಾನ, ಜಲಜ ನಡುವಿನವಳು, ಬಾಗಿ ಕಿರಿಯವಳು. ಬಾಗಿಗೆ ಮುತ್ತು ಎಂಬ ಮಗಳು. ಈ ಮಗುವನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಹೆತ್ತವಳಿಗಿಂತ ಹೆಚ್ಚಾಗಿ ಜಲಜಳೇ.

ಬಾಗಿಯದು ಅಕ್ಕನ ಹಾಗೆ ಬಾಯಿಯ ಜೋರಲ್ಲ, ಕಣ್ಣಿನ ಜೋರು. ಮಳೆಗಾಲದಲ್ಲಿ ಮಣ್ಣಿನ ಗೋಡೆ ನೀರು ಕುಡಿದು ಕಲೆಗಟ್ಟುತ್ತಿತ್ತಲ್ಲ, ಆ ಕಲೆಗಳೇ ಅವಳಿಗೆ ಕಥೆಯ ಗಂಟು. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, "ಕಾಣ್, ಇದ್ ತೊರಕೆ ಮೀನ್, ಬಾಲ ಇತ್ತ್. ಇದ್ ಬಲೆ ಹೊತ್ತ ಅಜ್ಜ. ಇದ್ ಸಿಟ್ಟ್ ಬಂದಾಗ ನಿನ್ನ ಮಾವನ ಮೂಗ್" ಎಂದು ತೋರಿಸುತ್ತಿದ್ದಳು. ಸುಬ್ಬನ ಮೂಗನ್ನು ನೋಡಲು ನೆರೆಮನೆಯ ಮಕ್ಕಳೂ ಬರುತ್ತಿದ್ದವು. ಮರುವಾರ ಕಲೆ ಹರಡಿ ಮೂಗು ದೋಣಿಯಾಗುತ್ತಿತ್ತು; ದೋಣಿಗೊಂದು ಹೊಸ ಕಥೆ ಹುಟ್ಟುತ್ತಿತ್ತು. ಮಗು ಕೇಳಿದರೆ ಬಾಗಿ ಗೋಡೆಯನ್ನು ಒಂದು ಗಳಿಗೆ ಸುಮ್ಮನೆ ನೋಡುವಳು, ಆಮೇಲೆ ಹೇಳುವಳು. ಕಾಣದ್ದನ್ನು ಕಂಡೆ ಎಂದವಳಲ್ಲ. ಏನೂ ಕಾಣದ ದಿನ "ಇದ್ರಂಗೆ ಇವತ್ತ್ ಎಂತದೂ ಕಾಂತಿಲ್ಲೆ ಮಗ" ಎಂದೂ ಹೇಳುವಳು.

ಆ ಮನೆಯಲ್ಲಿ ಅಜ್ಜಿಯ ಕಾಲದಿಂದ ಬಂದ ಪದ್ಧತಿಯೊಂದಿತ್ತು. ಗಂಡ ಕಡಲಿನಲ್ಲಿರುವಾಗ ಹೆಂಡತಿಯಾದವಳು ಕೆಟ್ಟ ನೋಟವನ್ನು ಬಾಯಲ್ಲಿ ಆಡಬಾರದು. ದಂಡೆಗೆ ಸತ್ತ ಆಮೆ ಬಂದು ಬಿದ್ದಿರಲಿ, ನೆರೆಮನೆಯ ಕರು ಬಾವಿಗೆ ಬಿದ್ದಿರಲಿ, ಕನಸಿನಲ್ಲಿ ಮುರಿದ ದೋಣಿ ಕಂಡಿರಲಿ, ಕಂಡದ್ದನ್ನು ನುಂಗಿಕೊಂಡು ಸುಮ್ಮನಿರಬೇಕು. ಏಕೆ ಸುಮ್ಮನಿದ್ದೀ ಎಂದು ಕೇಳಿದವರಿಗೆ ಕಾರಣವನ್ನೂ ಹೇಳುವಂತಿಲ್ಲ. ಇದಕ್ಕೆ ಅವರು ಬಾಯಿಕಟ್ಟು ಎನ್ನುತ್ತಿದ್ದರು. ಗಂಡ ತಿರುಗಿ ಬಂದು, ಕಾಲು ತೊಳೆದು, ಜಗಲಿಯಲ್ಲಿ ಕೂತ ಮೇಲೆ ಹೆಂಡತಿ ಎದುರಿಗೆ ಕೂತು, ಕಟ್ಟಿಟ್ಟದ್ದನ್ನೆಲ್ಲ ಒಂದೊಂದಾಗಿ ಹೇಳುವುದು. ಅವನು ಒಂದೊಂದಕ್ಕೂ ಅಂಗಳಕ್ಕೆ ಥೂ ಎಂದು ಉಗಿಯುವುದು. ಅಲ್ಲಿಗೆ ಕೆಟ್ಟದ್ದು ಮನೆಯಿಂದ ಹೊರಬಿದ್ದ ಹಾಗೆ. ಬಾಗಿಯ ಗಂಡ ಗುಡ್ಡ ಉಗಿಯುವುದಕ್ಕೆಂದೇ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದ. ಅವಳು ಆಮೆ ಎಂದರೆ ಥೂ, ಕರು ಎಂದರೆ ಥೂ. ಕೊನೆಗೆ ಸುಬ್ಬನ ಹೆಸರು ಹೇಳಿ ತಾನೇ ಒಂದು ಥೂ ಸೇರಿಸುವನು. ಜಗಲಿ ತುಂಬ ನಗು.

ಜಲಜಳಿಗೆ ಗಂಡನೇ ಇಲ್ಲದ ಮೇಲೆ ಬಾಯಿಗೆ ಕಟ್ಟೂ ಇರಲಿಲ್ಲ. ಅವಳು ಕಂಡದ್ದನ್ನು ಕಂಡಲ್ಲಿಯೇ ಆಡಿ ಮುಗಿಸುವವಳು.

ಯುದ್ಧದ ಕಾಲದಲ್ಲಿ ಗುಡ್ಡ ಹಡಗಿನ ಖಲಾಸಿಯಾಗಿ ಬೊಂಬಾಯಿಗೆ ಹೋದ. ನಲವತ್ತನಾಲ್ಕರಲ್ಲಿ ಬೊಂಬಾಯಿಯ ಹಡಗುಕಟ್ಟೆ ಸಿಡಿದು ಹೊತ್ತಿ ಉರಿಯಿತು. ಅಲ್ಲಿಂದ ಈಚೆಗೆ ಅವನ ಸುದ್ದಿಯಿಲ್ಲ. ಸುಟ್ಟ ಹಡಗಿನಲ್ಲಿಯೇ ಅವನಿದ್ದ ಎಂದು ಒಬ್ಬ, ಅದರ ಹಿಂದಿನ ವಾರವೇ ಬೇರೆ ಹಡಗು ಹತ್ತಿದ ಎಂದು ಇನ್ನೊಬ್ಬ. ಹೆಣ ಕಂಡವರಿಲ್ಲ. ಬಾಗಿ ಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ, ಬಾಯಿಯ ಕಟ್ಟನ್ನೂ ಬಿಚ್ಚಲಿಲ್ಲ. ಮೊದಲೇ ಕಡಿಮೆ ಮಾತಿನವಳು, ಆ ವರ್ಷಗಳಲ್ಲಿ ಇನ್ನೂ ಕಡಿಮೆಯಾದಳು. ಕೆಟ್ಟ ನೋಟ ಹೆಚ್ಚಿದ ಹಾಗೆ ನುಂಗುವುದೂ ಹೆಚ್ಚಬೇಕಲ್ಲ. ಮಗಳ ಎದುರು, ಗೋಡೆಯ ಕಲೆಗಳ ಎದುರು ಮಾತ್ರ ಅವಳ ಬಾಯಿ ಎಂದಿನಂತೆ ತೆರೆದುಕೊಳ್ಳುತ್ತಿತ್ತು.

ಎರಡು ವರ್ಷ ಕಳೆದ ಮೇಲೆ ಸುಬ್ಬ ತಂಗಿಗೆ ಇನ್ನೊಂದು ಸಂಬಂಧ ನೋಡಿದ. ಅವರಲ್ಲಿ ಅದು ತಪ್ಪಲ್ಲ. ಗಂಡು ಕೋಟೇಶ್ವರದ ಕಿಟ್ಟ. ಈ ಪುಣ್ಯಾತ್ಮ ಮನೆಗೆ ಬಂದು ಮರ್ಯಾದೆಯಿಂದ ಮಾತಾಡುವುದು ಬಿಟ್ಟು, ಸಂತೆಯ ನಡುವೆ ಬಾಗಿಯ ಬುಟ್ಟಿಯ ಮುಂದೆ ಕೂತು, "ಸತ್ತವ್ನ ಬಳೆ ಎಷ್ಟ್ ದಿನ ಹಾಯ್ಕಂತೆ ಹೆಣ್ಣೆ" ಎಂದ. ಬಾಗಿ ಬುಟ್ಟಿಯನ್ನೆತ್ತಿ, ಅದರಲ್ಲಿದ್ದ ಬೈಗೆ ಮೀನನ್ನೆಲ್ಲ ಅವನ ತಲೆಯ ಮೇಲೆ ಸುರಿದಳು. ಎಣ್ಣೆ ಮೀನು, ಮೇಲಾಗಿ ಅವನು ಅಂದು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಜಲಜಳಾಗಿದ್ದರೆ ಬೈದು, ಆಮೇಲೆ ಸುರಿಯುತ್ತಿದ್ದಳು. ಬಾಗಿ ಬೈಯದೆ ಸುರಿದಳು. ಅವಳಿಗೆ ಹುಚ್ಚು, ಮರ್ಲು ಹಿಡಿದಿದೆ ಎಂದು ಸಂಜೆಯೊಳಗೆ ಊರು ತೀರ್ಮಾನಿಸಿತು. ಬೈದಿದ್ದರೆ ಗಟ್ಟಿಗಿತ್ತಿ ಎಂಬ ಹೆಸರು ಬರುತ್ತಿತ್ತು.

ಆಗ ಬ್ರಹ್ಮಾವರದ ಹೊರಗೆ ಬಾಡಿಗೆಯ ಬಂಗಲೆಯೊಂದರಲ್ಲಿ ಡಾಕ್ಟರ್ ಗುಣಪಾಲ ಎಂಬವರು ಮನಸ್ಸಿನ ರೋಗದ ಆಸ್ಪತ್ರೆ ತೆರೆದಿದ್ದರು. ವಿಲಾಯಿತಿಯಲ್ಲಿ ಓದಿ ಬಂದವರು. ಬಡವರಿಂದ ಒಂದು ಕಾಸೂ ಮುಟ್ಟುತ್ತಿರಲಿಲ್ಲ, ರೋಗಿಗಳ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಕೆಟ್ಟ ಮನುಷ್ಯನೆಂದು ಹೇಳಿ ಮುಗಿಸುವಂತಿದ್ದರೆ ಈ ಕಥೆ ಸುಲಭವಾಗುತ್ತಿತ್ತು. ಅವರ ಬಳಿ ರಟ್ಟಿಗೆ ಅಂಟಿಸಿದ ಕೆಲವು ಚಿತ್ರಗಳಿದ್ದವು. ಚಿತ್ರವೆಂದರೆ ಚಿತ್ರವಲ್ಲ, ಕಾಗದದ ಮೇಲೆ ಶಾಯಿ ಚೆಲ್ಲಿ, ಮಡಚಿ, ಬಿಚ್ಚಿದ ಹಾಗಿರುವ ಕಲೆಗಳು, ಎಡಕ್ಕೆ ಇದ್ದದ್ದೇ ಬಲಕ್ಕೂ. ಕೆಲವು ಬರೀ ಕಪ್ಪು, ಕೆಲವಕ್ಕೆ ಕೆಂಪು. ಅವನ್ನು ತೋರಿಸಿ, ಏನು ಕಾಣುತ್ತದೆ ಎಂದು ಕೇಳಿ, ಹೇಳಿದ್ದರಿಂದ ಮನಸ್ಸಿನ ಆಳ ಅಳೆಯುವುದು ಅವರ ವಿದ್ಯೆ. ಜನ ಅದನ್ನು ಚಿತ್ರದ ಆಸ್ಪತ್ರೆ ಎಂದೇ ಕರೆಯುತ್ತಿದ್ದರು. ಸುಬ್ಬನಿಗೆ ಯಾರೋ ಹೇಳಿದರು: ಅಲ್ಲಿಗೆ ಕರೆದುಕೊಂಡು ಹೋದರೆ ಮರ್ಲೋ ಅಲ್ಲವೋ ಅಂದೇ ಗೊತ್ತಾಗುತ್ತದೆ.

ಇದ್ದಿಲು ಬಸ್ಸಿನ ಹೊಗೆ ಕುಡಿಯುತ್ತ, ಮಾಬುಕಳದಲ್ಲಿ ಇಳಿದು ದೋಣಿಯಲ್ಲಿ ಹೊಳೆ ದಾಟಿ ಅಣ್ಣ ತಂಗಿಯರು ಮೂವರೂ ಹೋದರು. ಅಕ್ಕ ಜೊತೆಗಿರದೆ ಬಾಗಿ ಒಳಗೆ ಕಾಲಿಡಲಿಲ್ಲವಾದ್ದರಿಂದ ಡಾಕ್ಟರು ಜಲಜಳಿಗೂ ಬಾಗಿಲ ಬಳಿ ಕೂರಲು ಹೇಳಿದರು, ಬಾಯಿ ತೆರೆಯಬಾರದೆಂಬ ಕರಾರಿನ ಮೇಲೆ.

ಮೊದಲ ರಟ್ಟು ಮೇಜಿನ ಮೇಲೆ ಬಂತು. ಬಾಗಿ ಎಂದಿನ ಹಾಗೆ ಅದನ್ನು ನೋಡಿದಳು, ತುಂಬ ಹೊತ್ತು. ಕಂಡಿತೆಂದು ಜಲಜಳಿಗೆ ಗೊತ್ತಾಯಿತು, ಏಕೆಂದರೆ ತಂಗಿಯ ಕೈ ತಾನಾಗಿ ತಾಳಿಯ ಕಡೆಗೆ ಹೋಯಿತು.

"ಏನು ಕಾಣುತ್ತದಮ್ಮ?" ಎಂದರು ಡಾಕ್ಟರು.

"ಎಂತದೂ ಇಲ್ಲೆ."

"ಏನೂ ಕಾಣುವುದಿಲ್ಲವೋ, ಹೇಳಲು ಮನಸ್ಸಿಲ್ಲವೋ?"

ಬಾಗಿ ತಲೆ ತಗ್ಗಿಸಿದಳು. ಎರಡನೆಯದಕ್ಕೆ ಕಣ್ಣು ಮುಚ್ಚಿಕೊಂಡಳು, ಮೂರನೆಯದಕ್ಕೆ ಮುಖ ತಿರುಗಿಸಿದಳು. ಎಲ್ಲ ರಟ್ಟುಗಳೂ ಮುಗಿಯುವಷ್ಟರಲ್ಲಿ ಅವಳ ಹಣೆ ಬೆವರಿತ್ತು. ಆ ಮೊದಲ ಮಾತಿನ ಮೇಲೆ ಒಂದೇ ಒಂದು ಮಾತು ಹೊರಗೆ ಬರಲಿಲ್ಲ. ಡಾಕ್ಟರು ಗಡಿಯಾರ ನೋಡಿ ನೋಡಿ ಬರೆದುಕೊಂಡರು.

ಆಮೇಲೆ ಹೊರಗೆ ಬಂದು ಸುಬ್ಬನಿಗೆ ನಿಧಾನವಾಗಿ ತಿಳಿಸಿ ಹೇಳಿದರು. ಮನಸ್ಸು ಒಡೆದು ಹೋಳಾಗಿದೆ. ಒಳಗಿನದಕ್ಕೂ ಹೊರಗಿನದಕ್ಕೂ ಕೊಂಡಿ ಕಳಚಿದೆ. ಗಂಡ ಬದುಕಿದ್ದಾನೆಂಬ ಭ್ರಮೆಗೆ ಅದೇ ಮೂಲ. ಇಷ್ಟು ಕಲೆಗಳಲ್ಲಿ ಒಂದಕ್ಕೂ ಉತ್ತರ ಕೊಡದಿರುವುದು ಕೆಟ್ಟ ಲಕ್ಷಣ. ಇಲ್ಲಿಯೇ ಬಿಟ್ಟು ಹೋಗಬೇಕು, ಎಳೆಯ ಮಗುವನ್ನು ಹತ್ತಿರ ಬಿಡುವುದು ಅಪಾಯ.

ಸುಬ್ಬ ಹೆದರಿದ. ಯಜಮಾನನ ಹೆಬ್ಬೆಟ್ಟು, ಡಾಕ್ಟರ ಸರ್ಟಿಫಿಕೇಟು, ಮ್ಯಾಜಿಸ್ಟ್ರೇಟರ ಅಪ್ಪಣೆ ಎಲ್ಲ ಸೇರಿ ಬಾಗಿ ಒಳಗಾದಳು. ಡಾಕ್ಟರು ವಾಸಿಯಾಗಿದೆ ಎಂದು ಬರೆದು ಕೊಡುವ ತನಕ ಅವಳನ್ನು ಹೊರಗೆ ತರುವ ಹಕ್ಕು ಹೆಬ್ಬೆಟ್ಟು ಒತ್ತಿದವನಿಗೂ ಇಲ್ಲವಂತೆ. ಇದು ಸುಬ್ಬನಿಗೆ ಗೊತ್ತಾದದ್ದು ಒತ್ತಿದ ಮೇಲೆ.

ಜಲಜ ಸುಮ್ಮನೆ ಬಿಡುವವಳಲ್ಲ. ಮುಂದಿನ ವಾರವೇ ಒಬ್ಬಳೇ ಹೋಗಿ ಡಾಕ್ಟರ ಮುಂದೆ ನಿಂತಳು. ಬಾಯಿಕಟ್ಟಿನ ಪದ್ಧತಿಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದಳು, ಆಮೆ, ಕರು, ಎಲೆಯಡಿಕೆ ಎಲ್ಲ. "ಅವ್ಳಿಗೆ ಕಾಂತಿಲ್ಲೆ ಅಂದೇಳಿ ಅಲ್ಲ ಒಡೆಯರೆ. ಕಂಡದ್ ಕೆಟ್ಟದ್. ಅದನ್ ಆಡುಕಾಗ. ಅವ ಬಪ್ಪಲ್ಲಿವರೆಗೆ ಅವ್ಳ್ ಬಾಯಿ ಬಿಡುದಿಲ್ಲೆ."

ಡಾಕ್ಟರು ಪೂರ್ತಿ ಕೇಳಿದರು. ಕೇಳುತ್ತಲೇ ಬರೆದರು. ಬರೆದದ್ದು ಏನೆಂದು ಅವರೇ ಹೇಳಿದರು, ಮುಚ್ಚುಮರೆಯ ಮನುಷ್ಯರಲ್ಲ: "ಹಾಗಾದರೆ ಈ ಭ್ರಮೆ ಮನೆಮಂದಿಗೆಲ್ಲ ಇದೆ. ಇದು ನಾನು ತಿಳಿದದ್ದಕ್ಕಿಂತ ಹಳೆಯದು."

ಜಲಜಳಿಗೆ ಮೈ ಉರಿಯಿತು. ಗುಡಿಯ ಮುಂದೆ ಚಪ್ಪಲಿ ಬಿಟ್ಟು ನಿಂತವನನ್ನು ಕಾಲಿಗೆ ರೋಗ ಎಂದು ಹಿಡಿದು ಕೂಡಿಹಾಕಿದ ಹಾಗಾಯಿತು ಇದು. ಮೌನಕ್ಕೆ ಕಾರಣ ಹೇಳದಿದ್ದರೆ ರೋಗ. ಹೇಳಿದರೆ ಆ ಕಾರಣವೇ ರೋಗ. ಒಂದು ಗಳಿಗೆ ರಟ್ಟನ್ನು ಬದಿಗಿಟ್ಟು, ಎಂತ ಕಂಡೆ, ಎಂತಕೆ ಹೆದರಿದೆ ಎಂದು ಕೇಳುತ್ತ ಕೂತಿದ್ದರೆ, ಆ ಶಾಯಿಯ ಕಲೆಗಳು ಮಾತು ತೆಗೆಯುವುದಕ್ಕೊಂದು ಒಳ್ಳೆಯ ನೆವವೇ ಆಗುತ್ತಿದ್ದವು. ಬಾಗಿಯೂ ಗೋಡೆಯ ಕಲೆಯಿಂದ ಮಗಳ ಮಾತು ತೆಗೆಯುತ್ತಿರಲಿಲ್ಲವೇ? ಆದರೆ ಅವಳು ಕಲೆಯನ್ನು ಹಿಡಿದು ಮಗುವನ್ನು ತೂಗಿದವಳಲ್ಲ. ಇಲ್ಲಿ ಅದೇ ತಕ್ಕಡಿಯಾಗಿತ್ತು, ಅದೇ ತೀರ್ಪೂ ಆಗಿತ್ತು.

"ನಂಗೊಂದ್ ತೋರ್ಸಿ" ಎಂದಳು ಜಲಜ.

ಡಾಕ್ಟರು ಒಂದು ರಟ್ಟು ತೋರಿಸಿದರು. ಕಪ್ಪು, ಕೆಂಪು ಎರಡೂ ಇದ್ದದ್ದು.

"ಬೆನ್ನ್ ಸೀಳಿ ಉಪ್ಪಿಗೆ ಹಾಕುಕೆ ಬಿಡ್ಸಿಟ್ಟ ಮೀನ್. ಎರ್ಡೂ ಬದಿ ಒಂದೇ ನಮೂನಿ ಇತ್ತಲೆ."

"ಕೆಂಪು?"

"ನೆತ್ರ್. ಮೀನ್ ಕೊಯ್ದ್ರೆ ನೆತ್ರ್ ಬಾರ್ದೆ ಎಳ್ನೀರ್ ಬತ್ತಾ?"

ಅದನ್ನೂ ಬರೆದುಕೊಂಡರು. ಸೀಳಿದ ದೇಹ, ರಕ್ತ, ಕೋಪ. "ಆರೋಗ್ಯವಂತರು ಸಾಮಾನ್ಯವಾಗಿ ಇಂಥದರಲ್ಲಿ ಚಿಟ್ಟೆ ಕಾಣುತ್ತಾರೆ. ಅಥವಾ ಬಾವಲಿ. ಇಲ್ಲಿ ಇಬ್ಬರು ಎದುರುಬದುರು ನಿಂತು ಕುಣಿಯುತ್ತಿರುವಂತೆ" ಎಂದು ಬೆರಳಿಟ್ಟು ತೋರಿಸಿದರು.

"ಯಾವೂರಿನ ಆರೋಗ್ಯವಂತ್ರ್?"

"ಸ್ವಿಟ್ಜರ್ಲೆಂಡ್ ಎಂಬ ದೇಶ. ಅಲ್ಲಿ ನೂರಾರು ಜನರಿಗೆ ತೋರಿಸಿ ಗೊತ್ತುಮಾಡಿದ್ದು."

"ಅಲ್ಲಿ ಕಡಲ್ ಇತ್ತಾ?"

"ಇಲ್ಲ. ಸುತ್ತ ಬೆಟ್ಟ."

"ಕಡಲೇ ಇಲ್ದ ಊರಂಗೆ ಅಳ್ದ್ ತಂದ ಕೋಲ್ ಹಿಡ್ಕಂಡ್ ಕೋಡಿಯವ್ರನ್ ಅಳಿತ್ರಿಯಾ? ಕೋಡಿಯಂಗೆ ಮರ್ಲ್ ಇಲ್ದ ಹೆಂಗ್ಸ್ರ್ ಎಷ್ಟೋ ಜನ ಇದ್ರ್. ಅವ್ರಿಗೆ ಮೊದ್ಲ್ ತೋರ್ಸಿ. ಅವ್ರಿಗೆ ಎಂತ ಕಾಂತ್ ಅಂದೇಳಿ ಬರ್ಕಣಿ. ಮತ್ತೆ ನನ್ ತಂಗಿನ ಅಳಿನಿ."

ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಮನುಷ್ಯನ ಮನಸ್ಸು ಎಲ್ಲ ಕಡೆಯೂ ಒಂದೇ ಎಂದು ನಗುನಗುತ್ತ ಹೇಳಿ, ಸಮಾಧಾನಕ್ಕೆ ಒಂದು ಲೋಟ ನೀರು ತರಿಸಿಕೊಟ್ಟರು. ಆ ನಗುವನ್ನು ಜಲಜ ಸಾಯುವ ತನಕ ಮರೆಯಲಿಲ್ಲ. ಬೈದಿದ್ದರೆ ತಾನೂ ಬೈಯಬಹುದಿತ್ತು. ತಿಳಿಯದ ಮಗುವನ್ನು ಕಂಡು ನಗುವಂತೆ ನಕ್ಕವರಿಗೆ ಏನೆಂದು ಉತ್ತರ ಕೊಡುವುದು?

ಒಳಗೆ ಚಿಕಿತ್ಸೆ ಶುರುವಾಗಿತ್ತು. ಒಂದು ಬಗೆಯ ಸೂಜಿ. ಚುಚ್ಚಿದರೆ ಮೈ ಬಿಲ್ಲಿನಂತೆ ಸೆಟೆದು, ಹಲ್ಲು ಕಚ್ಚಿ, ಆಮೇಲೆ ಹೆಣದ ಹಾಗೆ ಸೋತು ಬೀಳುವುದು. ಅಲ್ಲಿಯ ಆಯಾ ಉಮಾವತಿ, ಬಾರಕೂರಿನ ಕಡೆಯ ಮೆತ್ತನೆಯ ಹೆಂಗಸು, ಜಲಜಳ ಕೈ ಹಿಡಿದು ಹಿಂದಿನ ಕಿಟಕಿಗೆ ಕರೆದುಕೊಂಡು ಹೋದಳು. ಬಾಗಿಯ ನಾಲಿಗೆ ಕಚ್ಚಿ ಗಾಯವಾಗಿತ್ತು. ಅಕ್ಕನನ್ನು ಕಂಡು ಮೊದಲು ಕೇಳಿದ್ದು, "ಮುತ್ತು ಉಂಡ್ತಾ?" ಎಂದು. ಮರ್ಲು ಹಿಡಿದವಳ ಮಾತೇ ಇದು?

"ಈ ಹೆಣ್ಣಿಗೆ ಎಂತದೂ ಆಯ್ಲಿಲ್ಲೆ ಅಕ್ಕ" ಎಂದಳು ಉಮಾವತಿ. "ನಾ ಕಂಡ ಹಾಂಗೆ, ಚಿಟ್ಟಿ ಅಂದವ್ರೆಲ್ಲ ಬೇಗ ಮನಿಗೆ ಹೋತ್ರ್. ಡಾಕ್ಟ್ರಯ್ಯ ಮೂರ್ ತಿಂಗ್ಳ್ ಕಳ್ದ್ ಮತ್ತೆ ರಟ್ಟ್ ತೋರ್ಸ್ತ್ರಂಬ್ರ್."

ಅಂದಿನಿಂದ ಜಲಜ ವಾರವಾರವೂ ಆ ಕಿಟಕಿಗೆ ಹೋದಳು. ಮೀನಿನ ವ್ಯಾಪಾರ ಬಿಟ್ಟು, ಇದ್ದಿಲು ಬಸ್ಸು ಹತ್ತಿ, ಹೊಳೆ ದಾಟಿ, ಸರಳಿನ ಹೊರಗೆ ನಿಂತು ತಂಗಿಗೆ ಪಾಠ ಹೇಳಿದಳು. ಕಪ್ಪು ಕಲೆಗೆ ಬಾವಲಿ ಅನ್ನು, ಕೆಂಪು ಇದ್ದರೆ ಕುಣಿಯುವ ಜನ ಅನ್ನು, ಏನೂ ತೋಚದಿದ್ದರೆ ಚಿಟ್ಟೆ ಅನ್ನು.

"ನಂಗೆ ಕಾಂಬುದ್ ಅದಲ್ಲ ಅಕ್ಕ" ಎಂದಳು ಬಾಗಿ.

"ನಿಂಗೆ ಕಾಂಬುದ್ ಯಾರಿಗ್ ಬೇಕ್? ಅವ್ರಿಗೆ ಕಾಂಬುದನ್ ಹೇಳ್."

"ಸುಳ್ಳ್ ಹೇಳಿರೆ ಅವ್ರಿಗೆ ಕಡ್ಲಂಗೆ ಎಂತಾರೂ ಆತ್ತಾ?" ಗಂಡನ ಹೆಸರು ಹೇಳದೆ ಕೇಳಿದಳು.

ಜಲಜ ಸರಳಿನ ಹತ್ತಿರಕ್ಕೆ ಸರಿದಳು. "ಚಿಟ್ಟಿ ಕೆಟ್ಟ ನೋಟ ಅಲ್ಲ ಹೆಣ್ಣೆ. ದೋಷ ಇಲ್ಲೆ. ಮುತ್ತು ದಿನಾ ಅಬ್ಬಿ ಎಲ್ಲಿ ಅಂತ್. ಚಿಟ್ಟಿ ಅನ್, ಮನಿಗೆ ಹೋಪ."

ಬಾಗಿ ಕಲಿತಳು. ಮೊದಮೊದಲು ನಾಲಿಗೆ ತೊದಲುತ್ತಿತ್ತು. ಗೋಡೆಯ ಒಂದು ಕಲೆಯನ್ನು ತೋರಿಸಿ ಜಲಜ ಕೇಳಿದರೆ, ಬಾಗಿ ಅದನ್ನು ದಿಟ್ಟಿಸಿ ನೋಡಿ ಏನೋ ಹೇಳಹೋಗಿ, ತಡೆದು, ಚಿಟ್ಟೆ ಎನ್ನುವಳು. "ಅಷ್ಟ್ ಹೊತ್ತ್ ಕಾಣ್ಬೇಡ. ಕೇಂಡ ಕೂಡ್ಲೆ ಹೇಳ್ಕ್" ಎಂದು ಜಲಜ ತಿದ್ದುವಳು. ನೋಡುವುದನ್ನು ಬಿಟ್ಟಂತೆಲ್ಲ ಉತ್ತರ ಬೇಗ ಬರತೊಡಗಿತು. ಮೂರನೆಯ ತಿಂಗಳಿಗೆ ಅವಳು ಕಲಿಕೆಯಲ್ಲಿ ಪಳಗಿದ್ದಳು.

ಪರೀಕ್ಷೆಯಾಯಿತು. ಬಾವಲಿ, ಚಿಟ್ಟೆ, ಕುಣಿಯುವವರು, ಚಿಟ್ಟೆ. ಡಾಕ್ಟರು ಸಂತೋಷದಿಂದ ಕುರ್ಚಿಯಿಂದ ಎದ್ದೇ ಬಿಟ್ಟರಂತೆ. ಒಡೆದ ಮನಸ್ಸು ಕೂಡಿಕೊಂಡಿದೆ ಎಂದು ಸರ್ಟಿಫಿಕೇಟು ಬರೆದರು. ಕಂಡದ್ದನ್ನು ಆಡಲಾರೆ ಎಂದು ಬಾಯಿ ಮುಚ್ಚಿದ್ದವಳು ಹುಚ್ಚಿ. ಕಾಣದ್ದನ್ನು ಕಂಡೆ ಎಂದು ಬಾಯಿಪಾಠ ಒಪ್ಪಿಸಿದವಳು ಸ್ವಸ್ಥೆ. ಇಂಥ ನ್ಯಾಯವನ್ನು ಅಳತೆ ಎಂದು ಕರೆಯುವವರಿಗೆ ಏನೆನ್ನಬೇಕು? ಜಲಜ ತಂಗಿಯ ಗಂಟು ಎತ್ತಿಕೊಂಡು, ಎಲ್ಲಿ ಹಿಂದಿನಿಂದ ಕರೆಯುತ್ತಾರೋ ಎಂದು ಬಿರಬಿರನೆ ಹೊಳೆಯ ಕಡೆಗೆ ನಡೆದಳು.

ಅದಾದ ಕೆಲವು ವಾರಕ್ಕೆ ಕುಂದಾಪುರದಲ್ಲಿ ಡಾಕ್ಟರ ಭಾಷಣವಿತ್ತು. ವಕೀಲರು, ಮೇಷ್ಟರುಗಳು, ಅಂಗಡಿಯ ಸಾಹುಕಾರರು ಸೇರಿದ್ದರು. ಕೋಡಿಯ ಹೆಂಗಸೊಬ್ಬಳು ವಾಸಿಯಾದ ಕಥೆ ಹೇಳುತ್ತಾರಂತೆ ಎಂದು ಮೀನು ಕೊಳ್ಳುವ ಮನೆಯೊಂದರಲ್ಲಿ ಕೇಳಿ ಜಲಜಳೂ ಹೋದಳು. ಒಳಗೆ ಕರೆಯುವವರು ಯಾರು? ಕಿಟಕಿಯ ಹೊರಗೆ ಖಾಲಿ ಬುಟ್ಟಿ ಇಟ್ಟುಕೊಂಡು ನಿಂತಳು. ಅವಳಿಗೆ ಈಗ ಕಿಟಕಿಯ ಹೊರಗೆ ನಿಲ್ಲುವುದು ರೂಢಿಯಾಗಿತ್ತು.

ಡಾಕ್ಟರು ಚೆನ್ನಾಗಿ ಮಾತಾಡಿದರು. ಹೆಸರು ಹೇಳಲಿಲ್ಲ, ಆದರೆ ಬುಟ್ಟಿ ಸುರಿದ ಪ್ರಸಂಗ ಹೇಳಿದ ಮೇಲೆ ಹೆಸರಿನ ಅಗತ್ಯವೇನು? ಸಭೆ ನಕ್ಕಿತು. ಚಿಕಿತ್ಸೆಗೆ ಮೊದಲು ಮೌನ, ಚಿಕಿತ್ಸೆಯ ನಂತರ ಚಿಟ್ಟೆ. ಪರೀಕ್ಷೆ ರೋಗವನ್ನೂ ಹಿಡಿಯಿತು, ವಾಸಿಯಾದದ್ದನ್ನೂ ಹಿಡಿಯಿತು, ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ ಎಂದರು.

ಸಾಲಿಗ್ರಾಮದ ಶಾಲೆಯ ಮೇಷ್ಟರು ಶಾಮರಾಯರು ಎದ್ದು ನಿಂತರು. ಸಣ್ಣ ದನಿಯ ಮನುಷ್ಯ. "ನಾನು ಲೆಕ್ಕ ಕಲಿಸುವವನು, ನನಗೆ ಮನಸ್ಸಿನ ವಿಷಯ ಗೊತ್ತಿಲ್ಲ. ಆದರೂ ಕೇಳುತ್ತೇನೆ. ಆ ಹೆಂಗಸಿನ ಉತ್ತರವನ್ನು ಬೇರೊಬ್ಬ ಡಾಕ್ಟರು ನೋಡಿದರೆ ಇದೇ ತೀರ್ಮಾನಕ್ಕೆ ಬರುತ್ತಾರೆಂದು ಹೇಗೆ ಹೇಳುತ್ತೀರಿ? ಮತ್ತೆ, ಯಾರಾದರೂ ಅವಳಿಗೆ ಉತ್ತರ ಹೇಳಿಕೊಟ್ಟಿದ್ದರೆ ಅದು ನಿಮ್ಮ ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ?"

"ಹೇಳಿಕೊಟ್ಟು ಬರುವುದಲ್ಲ ಇದು, ಮೇಷ್ಟ್ರೇ" ಎಂದರು ಡಾಕ್ಟರು. "ಮನಸ್ಸು ಕಲೆಯ ಎದುರು ಸುಳ್ಳು ಹೇಳಲಾರದು. ಹಾಗೆ ಹೇಳಿಕೊಟ್ಟದ್ದೆಂದು ಯಾರಾದರೂ ತೋರಿಸಿದರೆ, ಆ ರೋಗಿಯನ್ನು ನಾಳೆಯೇ ತಿರುಗಿ ಕರೆಸಿಕೊಳ್ಳುತ್ತೇನೆ. ವಾಸಿಯಾಗಿಲ್ಲವೆಂದೇ ಅರ್ಥ."

ಜಲಜ ಕಿಟಕಿಯ ಸರಳನ್ನು ಹಿಡಿದಿದ್ದಳು. ಆ ಚಿಟ್ಟೆ ನನ್ನದು, ನಾನು ಹೇಳಿಕೊಟ್ಟದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟು ಜನರ ಎದುರು ಒಂದು ಕೂಗು ಸಾಕಿತ್ತು. ಆ ರಟ್ಟುಗಳ ಮರ್ಯಾದೆ ಅಲ್ಲಿಯೇ ಹೋಗುತ್ತಿತ್ತು. ಕೂಗಿದರೆ ನಾಳೆ ಬಾಗಿ ಒಳಗೆ, ಮತ್ತೆ ಸೂಜಿ, ಮತ್ತೆ ಕಚ್ಚಿದ ನಾಲಿಗೆ, ಮುತ್ತು ಮತ್ತೆ ಅಬ್ಬಿ ಎಲ್ಲಿ ಎನ್ನುವುದು. ಗಂಡ ಹೋದ ಮೇಲೆ ಯಾರಿಗೂ ಬಾಯಿ ಕಟ್ಟದ ಜಲಜ ಅಂದು ಕಟ್ಟಿಕೊಂಡಳು. ಒಳಗೆ ಚಪ್ಪಾಳೆಯಾಯಿತು. ಅವಳು ಬುಟ್ಟಿ ಎತ್ತಿಕೊಂಡು ಹೊರಟಳು.

ಮನೆಗೆ ಬಂದಾಗ ಮಳೆ ಹಿಡಿದಿತ್ತು. ಗೋಡೆಯ ಮೇಲೆ ಆ ವರ್ಷದ ಹೊಸ ಕಲೆ ಎದ್ದಿತ್ತು. ಅಂಗಳದಲ್ಲಿ ಕಾಲು ತೊಳೆಯುತ್ತಿದ್ದವಳಿಗೆ ಒಳಗಿನ ಮಾತು ಕೇಳಿಸಿತು.

"ಅಬ್ಬಿ, ಇದ್ ಎಂತ?" ಎಂದಳು ಮುತ್ತು.

"ಚಿಟ್ಟಿ."

"ಅದ್?"

"ಚಿಟ್ಟಿ."

"ಮಾವನ ಮೂಗ್ ಎಲ್ಲಿತ್ತ್?"

ಮಗು ಇನ್ನೊಂದೆರಡು ಸಲ ಕೇಳಿ, ಬೇಸರವಾಗಿ, ಆಡಲು ಹೋಯಿತು.

ಜಲಜ ಒಳಗೆ ನುಗ್ಗಿದಳು. ತಂಗಿಯ ಕೈ ಹಿಡಿದು ಎಳೆದುಕೊಂಡು ಬಂದು ಜಗಲಿಯಲ್ಲಿ ಕೂರಿಸಿದಳು. ತಾನು ಗುಡ್ಡ ಕೂರುತ್ತಿದ್ದ ಜಾಗದಲ್ಲಿ, ಕಂಬಕ್ಕೆ ಒರಗಿ ಕೂತಳು. ಅವನ ಹಾಗೆಯೇ ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡಳು. ಪದ್ಧತಿಗೆ ಇದು ವಿರುದ್ಧವೆಂದು ಅವಳಿಗೆ ಗೊತ್ತಿತ್ತು. ಅಜ್ಜಿ ಬದುಕಿದ್ದರೆ ಪೊರಕೆ ಹಿಡಿಯುತ್ತಿದ್ದಳು. ಆದರೆ ಆ ಸೂಜಿಗಳಿಗಿಂತ, ಆ ಪಾಠಕ್ಕಿಂತ ಇದು ಕೆಟ್ಟದ್ದೇ?

"ಅವ ಬಪ್ಪಲ್ಲಿವರೆಗೆ ಕಾಯುದ್ ಬೇಡ ಹೆಣ್ಣೆ. ನಂಗೆ ಹೇಳ್, ಉಗಿತೆ. ದೋಷ ಇದ್ರೆ ನಂಗಿರ್ಲಿ. ಆ ಕಪ್ಪ್ ರಟ್ಟಂಗೆ ಮೊದ್ಲ್ ದಿನ ನಿಂಗೆ ಎಂತ ಕಂಡಿತ್?"

ಮಳೆ ಅಂಗಳವನ್ನು ಹೊಡೆಯುತ್ತಿತ್ತು. ಹಿಂದಿನ ಬಾಗಿಯಾಗಿದ್ದರೆ ಕಣ್ಣನ್ನು ಎಲ್ಲಿಯೋ ದೂರ ನಿಲ್ಲಿಸಿ, ಕಂಡದ್ದನ್ನು ಮತ್ತೆ ಕಣ್ಣೆದುರು ತಂದುಕೊಂಡು, ಆಮೇಲೆ ಬಾಯಿ ತೆರೆಯುತ್ತಿದ್ದಳು. ಈ ಬಾಗಿ ಎಲ್ಲಿಯೂ ನೋಡಲಿಲ್ಲ. ಅಕ್ಕನ ಮುಖವನ್ನು ನೋಡಿದಳು. ಅಕ್ಕನಿಗೆ ಏನು ಹೇಳಿದರೆ ಒಪ್ಪಿಗೆಯಾಗುತ್ತದೆಂದು ಕಣ್ಣಿನಿಂದ ತುಟಿಗೆ, ತುಟಿಯಿಂದ ಕಣ್ಣಿಗೆ ಹುಡುಕಿದಳು.

"ಚಿಟ್ಟಿ, ಅಕ್ಕ" ಎಂದಳು. ಸರಿಯಾಯಿತೋ ಎಂದು ಕಾದಳು.

ಉಗಿಯುವುದಕ್ಕೆ ಏನೂ ಸಿಗಲಿಲ್ಲ. ಜಲಜ ಬಾಯಲ್ಲಿದ್ದದ್ದನ್ನು ನುಂಗಿದಳು.